ಕಲುಷಿತ ಮಣ್ಣಿನಲ್ಲಿ ಕಿಣ್ವಗಳ ಚಟುವಟಿಕೆಯನ್ನು ಅಳೆಯುವಾಗ

ಮಾನ್ಯರೇ,

ಮಣ್ಣು ಎಷ್ಟು ಕೆಟ್ಟಿದೆ ಎಂದು ತಿಳಿಯಲು ಅದರಲ್ಲಿರುವ ಸೀಸ, ಕ್ಯಾಡ್ಮಿಯಂ, ತಾಮ್ರಗಳ ಒಟ್ಟು ಪ್ರಮಾಣವನ್ನು ಅಳೆಯುವುದು ವಾಡಿಕೆ. ಆದರೆ ಆ ಲೋಹದ ಎಷ್ಟು ಪಾಲು ಜೇಡಿಕಣಗಳಿಗೂ ಕೊಳೆತ ಸಾವಯವ ಪದಾರ್ಥವಾದ ಹ್ಯೂಮಸ್‌ಗೂ ಬಿಗಿಯಾಗಿ ಅಂಟಿಕೊಂಡಿದೆ, ಎಷ್ಟು ಪಾಲು ಜೀವಿಗಳನ್ನು ತಟ್ಟುತ್ತಿದೆ ಎಂಬುದನ್ನು ಆ ಸಂಖ್ಯೆ ಹೇಳಲಾರದು. ಜೀವಿಗಳು ತಯಾರಿಸುವ, ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಕಿಣ್ವಗಳ (ಎನ್‌ಜೈಮ್) ಕಡೆಗೆ ನಾವು ತಿರುಗುವುದು ಈ ಕಾರಣಕ್ಕಾಗಿಯೇ. ಯೂರಿಯಾವನ್ನು ಒಡೆಯುವ ಯೂರಿಯೇಸ್, ಸಾವಯವ ರಂಜಕವನ್ನು ಬಿಡಿಸಿಕೊಡುವ ಫಾಸ್ಫಟೇಸ್, ಜೀವಂತ ಕೋಶದೊಳಗೆ ಮಾತ್ರ ಕೆಲಸ ಮಾಡುವ ಡಿಹೈಡ್ರೋಜಿನೇಸ್ ಇವು ಮಣ್ಣಿನ ದುಡಿಮೆಯನ್ನೇ ಅಳೆದು ತೋರಿಸುತ್ತವೆ. ಪಾದರಸ, ಬೆಳ್ಳಿ, ತಾಮ್ರದಂಥ ಲೋಹಗಳು ಕಿಣ್ವದ ಅಣುವಿನಲ್ಲಿರುವ ಗಂಧಕದ ಗುಂಪುಗಳನ್ನು ಹಿಡಿದುಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಸೂಕ್ಷ್ಮಜೀವಿಗಳನ್ನೇ ಕೊಂದು ಹೊಸ ಕಿಣ್ವ ಹುಟ್ಟದಂತೆಯೂ ಮಾಡುತ್ತವೆ.

ಫಾಸ್ಫಟೇಸನ್ನು ಅಳೆಯುವ ಕ್ರಮವನ್ನು ಮಣ್ಣು ವಿಜ್ಞಾನಿಗಳಾದ ತಬಾತಬಾಯಿ ಮತ್ತು ಬ್ರೆಮ್ನರ್ 1969ರಲ್ಲಿ ಪ್ರಕಟಿಸಿದರು. ಒಂದು ಗ್ರಾಂ ಮಣ್ಣಿಗೆ, ಆಮ್ಲ-ಕ್ಷಾರ ಮಟ್ಟವನ್ನು (ಪಿಎಚ್) ಸ್ಥಿರವಾಗಿಡುವ ಬಫರ್ ದ್ರಾವಣವನ್ನೂ, ಫಾಸ್ಫಟೇಸ್ ಒಡೆದಾಗ ಹಳದಿ ಬಣ್ಣಕ್ಕೆ ಕಾರಣವಾಗುವ ಪ್ಯಾರಾನೈಟ್ರೋಫೀನೈಲ್ ಫಾಸ್ಫೇಟನ್ನೂ ಸೇರಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಬೇಕು. ಬಳಿಕ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕ್ರಿಯೆಯನ್ನು ನಿಲ್ಲಿಸಿ, ಸೋಸಿ, ಬಂದ ಹಳದಿ ಬಣ್ಣದ ತೀವ್ರತೆಯನ್ನು 400 ನ್ಯಾನೋಮೀಟರಿನ ಆಸುಪಾಸಿನ ತರಂಗಾಂತರದ ಬೆಳಕಿನಲ್ಲಿ ಓದಬೇಕು. ಕ್ರಮ ಸರಳ. ಆದರೆ ಇಲ್ಲಿ ನಾವು ಅಳೆಯುವುದು ಹೊಲದಲ್ಲಿ ಆ ಕ್ಷಣ ನಡೆಯುತ್ತಿರುವ ಕ್ರಿಯೆಯನ್ನಲ್ಲ. ಬೇಕಾದಷ್ಟು ಆಹಾರ, ಅನುಕೂಲವಾದ ಪಿಎಚ್, ಹಿತವಾದ ಶಾಖ ಸಿಕ್ಕರೆ ಮಣ್ಣಿನಲ್ಲಿರುವ ಕಿಣ್ವ ಎಷ್ಟು ಕೆಲಸ ಮಾಡಬಲ್ಲದು ಎಂಬ ಸಾಮರ್ಥ್ಯವನ್ನು. ಜೇಡಿಗೆ ಅಂಟಿದ ಕಿಣ್ವವು ತನ್ನನ್ನು ಸ್ರವಿಸಿದ ಜೀವಿ ಸತ್ತ ಮೇಲೂ ಬಹುಕಾಲ ಉಳಿಯಬಲ್ಲದು. ಹೀಗಾಗಿ ಫಾಸ್ಫಟೇಸಿನ ಅಂಕಿ ಚೆನ್ನಾಗಿದ್ದ ಮಾತ್ರಕ್ಕೆ ಸೂಕ್ಷ್ಮಜೀವಿಗಳು ಕ್ಷೇಮವಾಗಿವೆ ಎಂದು ನಾನು ಬರೆಯಲಾರೆ.

ಬಫರ್ ಕೂಡ ಫಲಿತಾಂಶವನ್ನು ಏರುಪೇರು ಮಾಡಿಬಿಡುತ್ತದೆ. ಅದರಲ್ಲಿ ಸಿಟ್ರಿಕ್ ಆಮ್ಲದಂಥ ವಸ್ತುಗಳಿದ್ದರೆ ಅವು ಲೋಹವನ್ನು ಹಿಡಿದಿಟ್ಟುಕೊಳ್ಳುತ್ತವೆ. ಪಿಎಚ್ ಏರಿಸಿದರೆ ಲೋಹ ದ್ರಾವಣದಿಂದ ಹೊರಬೀಳುತ್ತದೆ. ಯಾವ ವಿಷದ ಪರಿಣಾಮವನ್ನು ಕಾಣಲು ಹೊರಟಿದ್ದೇವೋ ಅದನ್ನು ಕೊಳವೆಯೊಳಗೆ ನಾವೇ ತಗ್ಗಿಸಿದಂತಾಗುತ್ತದೆ.

ಇದಕ್ಕಿಂತ ಗಂಭೀರವಾದ ತೊಡಕು ಡಿಹೈಡ್ರೋಜಿನೇಸಿನದು. ಬಣ್ಣವಿಲ್ಲದ ಟೆಟ್ರಜೋಲಿಯಂ ಲವಣವನ್ನು ಮಣ್ಣಿಗೆ ಬೆರೆಸಿದರೆ ಉಸಿರಾಡುವ ಜೀವಿಗಳು ಅದನ್ನು ಕೆಂಪು ಫಾರ್ಮಜಾನ್ ಆಗಿ ಪರಿವರ್ತಿಸುತ್ತವೆ; ಸಾಮಾನ್ಯವಾಗಿ 24 ಗಂಟೆಗಳ ಬಳಿಕ ಅದನ್ನು ಮೆಥನಾಲ್‌ನಲ್ಲಿ ಕರಗಿಸಿ 485 ನ್ಯಾನೋಮೀಟರಿನಲ್ಲಿ ಓದುತ್ತೇವೆ. ತಾಮ್ರ ಹೆಚ್ಚಿರುವ ಮಣ್ಣಿನಲ್ಲಿ ಕೆಂಪು ಕುಂದಿದರೆ ಜೀವಿಗಳು ಸತ್ತಿವೆ ಎಂದೇ ಎಲ್ಲರೂ ಅರ್ಥಮಾಡಿಕೊಳ್ಳುತ್ತಿದ್ದರು. 1991ರಲ್ಲಿ ಚಂದರ್ ಮತ್ತು ಬ್ರೂಕ್ಸ್ ಈ ನಂಬಿಕೆಯನ್ನೇ ಪ್ರಶ್ನಿಸಿದರು: ಜೀವಿಗಳ ಪಾತ್ರವಿಲ್ಲದೆಯೇ ತಾಮ್ರವು ಫಾರ್ಮಜಾನಿನೊಡನೆ ವರ್ತಿಸಿ ಅದರ ಬಣ್ಣವನ್ನು ಕುಗ್ಗಿಸುತ್ತದೆ ಎಂದು ತೋರಿಸಿದರು. ಅಂದರೆ ಉಪಕರಣ ತೋರಿದ ಇಳಿಕೆಯಲ್ಲಿ ಜೀವಿಗಳ ನಷ್ಟವೆಷ್ಟು, ಬಣ್ಣದ ನಷ್ಟವೆಷ್ಟು ಎಂದು ಬೇರ್ಪಡಿಸದೆ ತೀರ್ಮಾನ ಹೇಳುವಂತಿಲ್ಲ. ಈ ವಿಷಯದಲ್ಲಿ ಸಡಿಲತೆಯನ್ನು ನಾನು ಒಪ್ಪುವುದಿಲ್ಲ. ಪ್ರತಿ ಕಲುಷಿತ ಮಾದರಿಗೂ ಗೊತ್ತಾದ ಪ್ರಮಾಣದ ಫಾರ್ಮಜಾನನ್ನು ಬೆರೆಸಿ, ಅದೇ ಅವಧಿ ಇಟ್ಟು, ಎಷ್ಟು ಮರಳಿ ಸಿಕ್ಕಿತು ಎಂದು ನೋಡಲೇಬೇಕು. ಸಬ್‌ಸ್ಟ್ರೇಟ್ (ಕಿಣ್ವದ ಕ್ರಿಯೆಗೆಂದು ಸೇರಿಸುವ ವಸ್ತು) ಹಾಕದ ಮಣ್ಣು ಮತ್ತು ಮಣ್ಣು ಹಾಕದ ಸಬ್‌ಸ್ಟ್ರೇಟ್, ಈ ಎರಡು ನಿಯಂತ್ರಣ ಮಾದರಿಗಳೂ ಜೊತೆಗಿರಬೇಕು. ಏಕೆಂದರೆ ಹ್ಯೂಮಸ್ ಹೆಚ್ಚಿರುವ ಮಣ್ಣು ತಾನೇ ಕಂದು ಬಣ್ಣ ಬಿಟ್ಟು ಅಂಕಿಯನ್ನು ಏರಿಸುತ್ತದೆ.

ಇಳಿಕೆಯೇ ಮಾಲಿನ್ಯದ ಗುರುತು ಎಂಬುದೂ ಪೂರ್ತಿ ನಿಜವಲ್ಲ. ಕಚ್ಚಾತೈಲ ಚೆಲ್ಲಿದ ಮಣ್ಣಿನಲ್ಲಿ ಹೈಡ್ರೋಕಾರ್ಬನ್ನನ್ನೇ ಆಹಾರವಾಗಿಸಿಕೊಳ್ಳುವ ಜೀವಿಗಳು ಹೆಚ್ಚಿದಾಗ ಡಿಹೈಡ್ರೋಜಿನೇಸ್ ಏರುವುದುಂಟು. ಆದ್ದರಿಂದ ಒಂದು ಅಂಕಿಯನ್ನು ಒಂಟಿಯಾಗಿ ಓದಲಾಗದು. ಅದೇ ಬಗೆಯ, ಅದೇ ಪಿಎಚ್ ಮತ್ತು ಸಾವಯವ ಇಂಗಾಲವುಳ್ಳ, ಮಾಲಿನ್ಯ ತಟ್ಟದ ಮಣ್ಣನ್ನು ಅದೇ ದಿನ ಸಂಗ್ರಹಿಸಿ, 2 ಮಿಲಿಮೀಟರ್ ಜರಡಿಯಲ್ಲಿ ಹಾಯಿಸಿ, ತೇವ ಆರದಂತೆ 4 ಡಿಗ್ರಿಯಲ್ಲಿಟ್ಟು, ಎರಡನ್ನೂ ಒಟ್ಟಿಗೆ ಅಳೆದು, ಒಣ ಮಣ್ಣಿನ ತೂಕಕ್ಕೆ ಲೆಕ್ಕ ಹಾಕಿ ಹೋಲಿಸಬೇಕು.