ಕಾಣುವ ಮೊದಲೇ ಕೇಳಿಸುವ ಭಯ

ಕೇಳುಗರಿಗೆ ನಮಸ್ಕಾರ.

ಥ್ರಿಲ್ಲರ್ ಚಿತ್ರವೊಂದರ ಮೊದಲ ಮೂರ್ನಾಲ್ಕು ನಿಮಿಷಗಳಲ್ಲಿ ಪ್ರೇಕ್ಷಕನಿಗೆ ಪಾತ್ರಗಳ ಪರಿಚಯವಾಗಿರುವುದಿಲ್ಲ, ಕಥೆಯ ಜಾಡು ಸಿಕ್ಕಿರುವುದಿಲ್ಲ, ಯಾರಿಗಾಗಿ ಆತಂಕಪಡಬೇಕೆಂಬುದೂ ಗೊತ್ತಿರುವುದಿಲ್ಲ. ಆದರೂ ಚಿತ್ರ ಒಳ್ಳೆಯದಾಗಿದ್ದರೆ ಅಷ್ಟು ಹೊತ್ತಿಗೆ ಅವನ ಎದೆಬಡಿತ ಏರಿರುತ್ತದೆ. ಈ ಕೆಲಸದಲ್ಲಿ ದೊಡ್ಡ ಪಾಲು ಧ್ವನಿಯದು. ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ನಡುವೆ ನಿರ್ದೇಶಕ ಬೇಕೆಂದೇ ಉಳಿಸುವ ಅಂತರದಲ್ಲಿ ಆತಂಕ ಹುಟ್ಟುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಕಣ್ಣು ಎದುರಿಗಿರುವುದನ್ನು ಮಾತ್ರ ನೋಡುತ್ತದೆ, ಬೇಡವೆನಿಸಿದರೆ ಮುಚ್ಚಿಕೊಳ್ಳುತ್ತದೆ. ಕಿವಿಗೆ ರೆಪ್ಪೆಯಿಲ್ಲ, ಬೆನ್ನ ಹಿಂದಿನದೂ ಗೋಡೆಯಾಚೆಯದೂ ಅದನ್ನು ತಲುಪುತ್ತದೆ. ಸದ್ದು ಕೇಳಿದ ಕೂಡಲೇ ಅದು ಎಲ್ಲಿಂದ ಬಂತು, ಯಾರು ಮಾಡಿದರು ಎಂದು ಹುಡುಕುವುದು ಮನುಷ್ಯನ ಹುಟ್ಟುಗುಣ, ಉತ್ತರ ಸಿಗುವ ತನಕ ಮನಸ್ಸಿಗೆ ನೆಮ್ಮದಿಯಿಲ್ಲ. ಕೆಳಸ್ಥಾಯಿಯ ಮೊರೆತ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಗುರುತಿಸುವುದು ಕಿವಿಗೆ ಕಷ್ಟ. ಆರಂಭದ ದೃಶ್ಯಗಳಲ್ಲಿ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ.

ಫ್ರಿಟ್ಸ್ ಲಾಂಗ್ ಜರ್ಮನಿಯಲ್ಲಿ 1931ರಲ್ಲಿ ತೆರೆಗೆ ತಂದ ‘ಎಂ’ ಅವರ ಮೊದಲ ಮಾತಿನ ಚಿತ್ರ. ಚಲನಚಿತ್ರಕ್ಕೆ ಮಾತು ಬಂದು ಇನ್ನೂ ಕೆಲವೇ ವರ್ಷಗಳಾಗಿದ್ದ ಕಾಲದಲ್ಲಿ ಅವರು ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟರು. ಕತ್ತಲಾದ ತೆರೆಯ ಮೇಲೆ ಮೊದಲಿಗೆ ಮಗುವೊಂದರ ದನಿ ಕೇಳಿಸುತ್ತದೆ. ಕೊಲೆಗಾರನೊಬ್ಬ ಬರುತ್ತಾನೆಂಬ ಆಟದ ಹಾಡು ಅದು. ಆಮೇಲೆ ಅಂಗಳದಲ್ಲಿ ವೃತ್ತವಾಗಿ ನಿಂತ ಮಕ್ಕಳು ಕಾಣುತ್ತಾರೆ. ಮೇಲಿನ ಮಹಡಿಯ ಹೆಂಗಸೊಬ್ಬಳು ಆ ಹಾಡು ನಿಲ್ಲಿಸಿ ಎಂದು ಗದರುತ್ತಾಳೆ. ಅವಳು ಒಳಗೆ ಹೋದದ್ದೇ ತಡ, ಹಾಡು ಮತ್ತೆ ಶುರುವಾಗುತ್ತದೆ. ಅದನ್ನು ಕೇಳಿದ ಇನ್ನೊಬ್ಬಳು, ಅವರ ಹಾಡು ಕೇಳಿಸುತ್ತಿರುವ ತನಕ ಅವರು ಅಲ್ಲಿದ್ದಾರೆಂದಾದರೂ ಗೊತ್ತಿರುತ್ತದಲ್ಲ ಎನ್ನುತ್ತಾಳೆ. ಹೀಗೆ ಹೇಳಿದವಳೇ ಸ್ವಲ್ಪ ಹೊತ್ತಿನಲ್ಲಿ, ಶಾಲೆ ಬಿಟ್ಟರೂ ಮನೆಗೆ ಬಾರದ ಮಗಳನ್ನು ಹೆಸರು ಹಿಡಿದು ಕೂಗುತ್ತಾಳೆ. ತೆರೆಯ ಮೇಲೆ ಬರಿದಾದ ಮೆಟ್ಟಿಲುಗಳು, ಬಟ್ಟೆ ಒಣಹಾಕಿದ ಅಟ್ಟ, ಊಟದ ಮೇಜಿನ ಮೇಲೆ ಯಾರೂ ಮುಟ್ಟದ ತಟ್ಟೆ. ಕೂಗು ಕ್ಷೀಣಿಸುತ್ತದೆ, ಮಗುವಿನ ಚೆಂಡು ಹುಲ್ಲಿನ ಮೇಲೆ ಉರುಳಿ ನಿಲ್ಲುತ್ತದೆ. ಕೊಲೆಯನ್ನು ಚಿತ್ರ ತೋರಿಸುವುದೇ ಇಲ್ಲ. ಸದ್ದಿದ್ದರೆ ಮಗುವಿದೆ ಎಂಬ ನಿಯಮವನ್ನು ತಾಯಿಯ ಬಾಯಲ್ಲೇ ಮೊದಲು ಹೇಳಿಸಿದ್ದರಿಂದ, ಸದ್ದು ನಿಂತ ಕ್ಷಣ ಏನಾಯಿತೆಂದು ಪ್ರೇಕ್ಷಕನಿಗೆ ತಾನಾಗಿಯೇ ತಿಳಿಯುತ್ತದೆ. ಆ ಹಂತಕನ ಮುಖಕ್ಕಿಂತ ಮೊದಲು ಅವನ ಸಿಳ್ಳೆಯೇ ನಮಗೆ ಪರಿಚಯವಾಗುತ್ತದೆ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಆರ್ಸನ್ ವೆಲ್ಸ್ ಅವರ ‘ಟಚ್ ಆಫ್ ಈವಿಲ್’ ಚಿತ್ರದ ಕಥೆ ಬೇರೆ. ಅದು 1958ರಲ್ಲಿ ಬಿಡುಗಡೆಯಾಯಿತು. ಕೈಯೊಂದು ಬಾಂಬಿನ ಗಡಿಯಾರ ತಿರುಗಿಸಿ, ಕಾರಿನ ಡಿಕ್ಕಿಯಲ್ಲಿಟ್ಟು ಮರೆಯಾಗುತ್ತದೆ. ಮೂರು ನಿಮಿಷಕ್ಕೂ ಹೆಚ್ಚು ಕಾಲ ಎಲ್ಲೂ ಕತ್ತರಿಸದೆ ಕ್ಯಾಮೆರಾ ಗಡಿಯೂರಿನ ಬೀದಿಗಳಲ್ಲಿ ಸಾಗುತ್ತದೆ. ಚಿತ್ರ ನಿರ್ಮಿಸಿದ ಸ್ಟುಡಿಯೋ ಈ ದೃಶ್ಯದ ಮೇಲೆ ಹೆಸರುಗಳನ್ನೂ ಹೆನ್ರಿ ಮ್ಯಾನ್ಸಿನಿಯವರ ಸಂಗೀತವನ್ನೂ ಹಾಸಿತು. ವೆಲ್ಸ್ ಬಯಸಿದ್ದು ಅದನ್ನಲ್ಲ. ಅವರು ಬರೆದ 58 ಪುಟಗಳ ಟಿಪ್ಪಣಿಯನ್ನು ಆಧರಿಸಿ ವಾಲ್ಟರ್ ಮರ್ಚ್ 1998ರಲ್ಲಿ ಚಿತ್ರವನ್ನು ಮರುಸಂಕಲನ ಮಾಡಿದಾಗ ಹೆಸರುಗಳೂ ಸಂಗೀತವೂ ಹೋದವು. ಅವುಗಳ ಜಾಗದಲ್ಲಿ ಬೀದಿಬದಿಯ ಕ್ಲಬ್ಬುಗಳಿಂದ ಹೊರಬೀಳುವ ಹಾಡುಗಳೂ ಕಾರಿನ ರೇಡಿಯೋವೂ ಬಂದವು. ಮ್ಯಾನ್ಸಿನಿಯವರ ಸಂಗೀತ ಸೊಗಸಾಗಿಯೇ ಇದೆ, ಆದರೆ ಅದು ಬಾಂಬಿನ ಇರವನ್ನು ನಮ್ಮ ಮನಸ್ಸಿನಿಂದ ಸ್ವಲ್ಪ ದೂರ ಸರಿಸುತ್ತದೆ. ಮರ್ಚ್ ಆವೃತ್ತಿಯಲ್ಲಾದರೋ ಕಾರು ಚೌಕಟ್ಟಿನಿಂದ ಹೊರಗಿದ್ದಾಗಲೂ ಅದರ ರೇಡಿಯೋ ಸದ್ದು ಸಮೀಪಿಸಿದರೆ ಸಾಕು, ಸಾವು ಎಷ್ಟು ಹತ್ತಿರ ಬಂತೆಂದು ಗೊತ್ತಾಗುತ್ತದೆ. ಸುಮ್ಮನೆ ಹರಿಯುವ ಒಂದು ಹಾಡು ಬಾಂಬಿನ ವಿಳಾಸವಾಗಿಬಿಡುತ್ತದೆ. ಒಂದೇ ದೃಶ್ಯ ಎರಡು ಧ್ವನಿಗಳಲ್ಲಿ ಹೀಗೆ ಎರಡು ಅನುಭವವಾಗುವುದನ್ನು ಧ್ವನಿಯ ಬಗ್ಗೆ ಕಲಿಯಬಯಸುವ ಯಾರೂ ಒಮ್ಮೆ ಅಕ್ಕಪಕ್ಕ ಇಟ್ಟು ಕೇಳಲೇಬೇಕು.

ಅದೇ ಮರ್ಚ್ ಧ್ವನಿಯ ಹೊಣೆ ಹೊತ್ತ 1974ರ ‘ದಿ ಕಾನ್ವರ್ಸೇಷನ್’ ಚಿತ್ರದಲ್ಲಿ, ಜನ ತುಂಬಿದ ಚೌಕವನ್ನು ಎತ್ತರದಿಂದ ನೋಡುತ್ತಿರುವಾಗ ಮಾತುಗಳ ನಡುವೆ ಯಂತ್ರದ ವಿಕಾರ ಕರ್ಕಶವೊಂದು ಇಣುಕುತ್ತದೆ. ಯಾರೋ ಮರೆಯಲ್ಲಿ ಧ್ವನಿ ಕದಿಯುತ್ತಿದ್ದಾರೆಂಬುದು ಆಮೇಲಷ್ಟೇ ತಿಳಿಯುತ್ತದೆ.

ನಿಶ್ಶಬ್ದದ ಬಗ್ಗೆ ಒಂದು ಮಾತು. ಧ್ವನಿ ಸಂಯೋಜಕರು ನಿಶ್ಶಬ್ದ ಬೇಕೆಂದಾಗ ಧ್ವನಿಪಥವನ್ನು ಸಾಮಾನ್ಯವಾಗಿ ಪೂರ್ತಿ ಖಾಲಿ ಬಿಡುವುದಿಲ್ಲ, ಬಿಟ್ಟರೆ ಏನೋ ಕೆಟ್ಟಿದೆಯೆಂದು ಅನಿಸೀತು. ಕೋಣೆಯ ಸಹಜವಾದ ಮಂದ ಸದ್ದನ್ನು ಉಳಿಸಿಕೊಂಡು, ಅಲ್ಲಿಯವರೆಗೆ ನಾವು ಗಮನಿಸದೇ ಇದ್ದ ಒಂದು ಪದರವನ್ನು, ಉದಾಹರಣೆಗೆ ಜೀರುಂಡೆಗಳ ಸದ್ದನ್ನು, ಥಟ್ಟನೆ ತೆಗೆಯುತ್ತಾರೆ. ಏನು ಬದಲಾಯಿತೆಂದು ಪ್ರೇಕ್ಷಕನಿಗೆ ಹೇಳಲಾಗದು, ಬದಲಾದದ್ದು ಮಾತ್ರ ಮೈಗೆ ತಾಗುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಇತ್ತೀಚಿನ ಎಷ್ಟೋ ಚಿತ್ರಗಳು ಹೆಸರುಗಳು ಮೂಡುವಾಗಲೇ ಎದೆ ನಡುಗಿಸುವ ಗುದ್ದುಗಳನ್ನು ಒಂದರ ಮೇಲೊಂದು ಪೇರಿಸುತ್ತವೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಮೊದಲ ನಿಮಿಷದಲ್ಲೇ ಧ್ವನಿಯನ್ನು ತುತ್ತತುದಿಗೆ ಏರಿಸಿಬಿಟ್ಟರೆ ಮುಂದೆ ಏರಲು ಜಾಗ ಉಳಿಯುವುದಿಲ್ಲ. ಆಗಲೇ ದಣಿದ ಕಿವಿ, ಹತ್ತು ನಿಮಿಷದ ಬಳಿಕ ಪಕ್ಕದ ಕೋಣೆಯ ಕದ ಮೆಲ್ಲಗೆ ಕಿರುಗುಟ್ಟಿದಾಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮಸ್ಕಾರ.