ಅಜ್ಜಿ ತಂಬಾಕು ತಿನ್ನಲ್ಲ, ಮಿಶ್ರಿ ಹಚ್ತಾರೆ: ಸರಕಾರ ದುಡ್ಡು ಕೊಟ್ಟು ಕೇಳಿಸುವ ಪ್ರಶ್ನೆಗಳ ಕತೆ

[ದೃಶ್ಯ: ಮುಂಬೈ, ಚೆಂಬೂರಿನ ಒಂದು ಚಾಳು. ಒಲೆ ಮೇಲೆ ತವೆ, ತವೆಯಿಂದ ಹೊಗೆ.]

ನಮಸ್ಕಾರ. ವಿಡಿಯೋದಲ್ಲಿ ವಾಸನೆ ಬರಲ್ಲ, ನಿಮ್ಮ ಪುಣ್ಯ. ನಮ್ಮ ಚಾಳಿನ ಅಜ್ಜಿ ವಿಜಯಪುರದ ಕಡೆಯವರು. ತಂಬಾಕಿನ ಎಲೆಯನ್ನ ತವೆ ಮೇಲೆ ಕರ‍್ರಗಾಗೋ ತನಕ ಹುರಿದು ಪುಡಿ ಮಾಡ್ತಾರೆ. ಅದೇ ಮಿಶ್ರಿ. ಬೆಳಗ್ಗೆ ಎದ್ದ ಕೂಡಲೇ ಬೆರಳಲ್ಲಿ ತಗೊಂಡು ಹಲ್ಲು ತಿಕ್ಕೋದು.

ಒಂದಿನ ಸರಕಾರಿ ಸಮೀಕ್ಷೆಯ ಹುಡುಗಿ ಟ್ಯಾಬ್ಲೆಟ್ ಹಿಡ್ಕೊಂಡು ಬಂದಳು. ಅವಳದು ಮರಾಠಿ, ನಡುವೆ ನಾನು.

"ಅಜ್ಜಿ, ತಂಬಾಕು ತಿಂತೀರಾ ಅಂತ ಕೇಳ್ತಿದಾಳೆ."

"ಏ ಇಲ್ಲೋ ತಮ್ಮಾ! ನಮ್ಮನ್ಯಾಗ ಯಾರೂ ಮುಟ್ಟಂಗಿಲ್ಲ."

'ಇಲ್ಲ' ಅಂತ ಒತ್ತಿ ಅವಳು ಮುಂದಿನ ಬಾಗಿಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ಒಂದೊಂದೇ ಹೆಸರು ಹೇಳ್ತಾ ಬಂದಳು. ಖೈನಿ? ಗುಟ್ಕಾ? ಎಲೆಅಡಿಕೆಗೆ ತಂಬಾಕು? ಮಿಶ್ರಿ?

"ಹ್ಞಾಂ, ಅದು ಹಚ್ಚತೀನಿ. ಅದು ಹಲ್ಲಿಗಲ್ಲೇನು?"

[ದೃಶ್ಯ: ದೇವನಾರ್ ರಸ್ತೆ, ರಿಕ್ಷಾದಿಂದ]

ಸಮೀಕ್ಷೆಗೆ ಖರ್ಚಾಗೋ ದುಡ್ಡೆಲ್ಲ ಇಂಥ ಐದು ನಿಮಿಷಕ್ಕೇ ಹೋಗೋದು. ಹುಡುಗಿಯ ಸಂಬಳ, ತರಬೇತಿ, ಓಡಾಟ, ಪ್ರಶ್ನೆಗಳ ಅನುವಾದ. ಮನೆಯಲ್ಲಿ ಆಯ್ಕೆಯಾದವರು ಸಿಗದಿದ್ದರೆ ಮತ್ತೆ ಬರಬೇಕು, ಪಕ್ಕದ ಮನೆಯವರನ್ನ ಕೇಳಿ ಲೆಕ್ಕ ತುಂಬಿಸೋ ಹಾಗಿಲ್ಲ.

ನಮ್ಮ ದೇಶದ ದೊಡ್ಡ ತಂಬಾಕು ಸಮೀಕ್ಷೆ ಅಂದ್ರೆ ಗ್ಯಾಟ್ಸ್. ಅದರ ಮೊದಲ ಎರಡು ಸುತ್ತನ್ನ ಕೇಂದ್ರ ಆರೋಗ್ಯ ಇಲಾಖೆಗೆ ಮಾಡಿಕೊಟ್ಟಿದ್ದು ಇದೇ ದೇವನಾರಿನ ಸಂಸ್ಥೆಗಳು. 2009-10ರಲ್ಲಿ ಜನಸಂಖ್ಯಾ ವಿಜ್ಞಾನ ಸಂಸ್ಥೆ ಐಐಪಿಎಸ್, 2016-17ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಎರಡನೇ ಸುತ್ತಲ್ಲಿ ಮಾತಾಡಿಸಿದ್ದು 74,037 ಜನರನ್ನ. ಒಂದು ಮನೆಯಿಂದ ಒಬ್ಬರು, 15 ವರ್ಷ ದಾಟಿದವರು. ಮೊದಲ ಸುತ್ತಲ್ಲಿ ತಂಬಾಕು ಬಳಸೋರು ಶೇಕಡಾ 34.6 ಇದ್ದರು, ಎರಡನೇದರಲ್ಲಿ 28.6.

ನನಗೆ ಅದಕ್ಕಿಂತ ರುಚಿಸಿದ್ದು ಅಭಿಪ್ರಾಯದ ಪ್ರಶ್ನೆ. ಪ್ಯಾಕೆಟ್ಟಿನ ಎರಡೂ ಬದಿಯ ಶೇಕಡಾ 85 ಜಾಗದಲ್ಲಿ ಎಚ್ಚರಿಕೆ ಚಿತ್ರ ಕಡ್ಡಾಯವಾಗಿದ್ದು 2016ರ ಏಪ್ರಿಲ್ 1ರಿಂದ. ಅದೇ ಆಗಸ್ಟಲ್ಲಿ ಸಮೀಕ್ಷೆ ಶುರು. ಆ ಚಿತ್ರ ನೋಡಿ ಬಿಡಬೇಕು ಅನ್ನಿಸಿತಾ? ಸಿಗರೇಟಿನವರಲ್ಲಿ ಶೇಕಡಾ 62 ಹೌದು ಅಂದರು. ಬೀಡಿಯವರಲ್ಲಿ 54, ಹೊಗೆಯಿಲ್ಲದ ತಂಬಾಕಿನವರಲ್ಲಿ 46. (ಅನ್ನಿಸೋದು ಬೇರೆ, ಬಿಡೋದು ಬೇರೆ. ನಮ್ಮ ಮಾವ ಮೂವತ್ತು ವರ್ಷದಿಂದ ಪ್ರತಿ ಯುಗಾದಿಗೆ ಬಿಡ್ತಿದ್ದಾರೆ.)

2017ರ ಡಿಸೆಂಬರಲ್ಲಿ ಕರ್ನಾಟಕ ಹೈಕೋರ್ಟ್ ಈ 85ರ ನಿಯಮವನ್ನೇ ರದ್ದು ಮಾಡಿತು. ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಚಿತ್ರ ಉಳೀತು. ಜಗಳ ಕೋರ್ಟಲ್ಲಿದ್ದಾಗ 'ಜನಕ್ಕೆ ಇದರಿಂದ ಏನನ್ನಿಸಿದೆ' ಅನ್ನೋದಕ್ಕೆ ಸರಕಾರದ ಕೈಲಿ ಅಂದಾಜಲ್ಲ, ಅಂಕಿ ಇತ್ತು. 2018ರ ಸೆಪ್ಟೆಂಬರಿಂದ ಪ್ಯಾಕೆಟ್ ಮೇಲೆ ತಂಬಾಕು ಬಿಡಿಸೋ ಸಹಾಯವಾಣಿ ನಂಬರೂ ಬಂತು: 1800-11-2356.

ಆದರೆ ಅಜ್ಜಿಯ ಮಿಶ್ರಿಗೆ ಪ್ಯಾಕೆಟ್ಟೇ ಇಲ್ಲ. ಚಿಲ್ಲರೆ ಎಲೆ ತರೋದು, ಮನೇಲಿ ಹುರಿಯೋದು, ಹಳೇ ಪೌಡರ್ ಡಬ್ಬಿಗೆ ತುಂಬೋದು. 85 ಅಲ್ಲ, ನೂರಕ್ಕೆ ನೂರು ಚಿತ್ರ ಹಾಕಿದರೂ ಅವರ ಕಣ್ಣಿಗೆ ಬೀಳಲ್ಲ. ಅಂಥವರು ಇದ್ದಾರೆ ಅಂತ ಸರಕಾರಕ್ಕೆ ಗೊತ್ತಾಗೋದೇ 'ಮಿಶ್ರಿ?' ಅಂತ ಯಾರಾದರೂ ಬಾಯಿಬಿಟ್ಟು ಕೇಳಿದಾಗ.

ದುಡ್ಡು ದಂಡ ಅನ್ನೋರಿಗೆ ಒಂದು ಲೆಕ್ಕ. 2017-18ರಲ್ಲಿ ತಂಬಾಕಿನ ಕಾಯಿಲೆ, ಸಾವುಗಳಿಂದ ದೇಶಕ್ಕಾದ ನಷ್ಟ ಸುಮಾರು 1.77 ಲಕ್ಷ ಕೋಟಿ ರೂಪಾಯಿ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ.

ನನ್ನ ತಕರಾರು ಬೇರೆ. ಕೆನಡಾದಲ್ಲಿ ಸರಕಾರ ದುಡ್ಡು ಕೊಟ್ಟು ಜನಾಭಿಪ್ರಾಯ ಕೇಳಿಸಿದರೆ, ಆ ವರದಿ ಆರು ತಿಂಗಳೊಳಗೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಬೇಕು ಅಂತ ಕಾನೂನೇ ಇದೆ. ಗುತ್ತಿಗೆ ಎಷ್ಟು ಡಾಲರ್ ಅನ್ನೋದೂ ವರದಿಯಲ್ಲೇ ಇರುತ್ತೆ. ನಮ್ಮ ವರದಿಗಳ ಮೊದಲ ಪುಟದಲ್ಲೂ ಒಂದು ಸಾಲು ಹಾಕಲಿ: ಇದಕ್ಕೆ ಇಷ್ಟು ಖರ್ಚಾಯ್ತು.

[ದೃಶ್ಯ: ಮತ್ತೆ ಚಾಳು. ಅಜ್ಜಿ ಬಾಗಿಲಲ್ಲಿ ಕೂತಿದ್ದಾರೆ.]

ವಾರ ಬಿಟ್ಟು ಮೇಲ್ವಿಚಾರಕ ಬಂದ. ಹುಡುಗಿ ನಿಜವಾಗಿ ಬಂದಿದ್ದಳಾ, ಕೂತಲ್ಲೇ ತುಂಬಿಸಿದಳಾ ಅಂತ ಪರೀಕ್ಷೆ, ಅದಕ್ಕೂ ಖರ್ಚಿದೆ. ಅವನೂ ಮೊದಲಿಂದ ಶುರು ಮಾಡಿದ: ಆಜೀ, ತಂಬಾಕು ತಿಂತೀರಾ?

ಅಜ್ಜಿ ನನ್ನ ಕಡೆ ತಿರುಗಿದರು. "ಇಲ್ಲ ಅಂತ ಹೇಳೋ. ಮಿಶ್ರಿದು ಮೊನ್ನೆ ಆ ಹುಡುಗಿ ಬರಕೊಂಡ್ಹೋಗ್ಯಾಳ."