ಹೇಳಿ, ಆಮೇಲೆ ಮಾಡಿ

ಕೇಳುಗರಿಗೆ ನಮಸ್ಕಾರ. ನರ್ಸಿಂಗ್ ಓದುತ್ತಿರುವ ಮಕ್ಕಳೇ, ಇವತ್ತಿನ ಮಾತು ನಿಮಗೇ. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಡಾಕ್ಟರು ಹೇಳಿದರೆ ಆಸ್ಪಿರಿನ್ ಅಗಿಸಬೇಕು, ಮಾನಿಟರ್ ಜೋಡಿಸಬೇಕು. ಇದೆಲ್ಲ ನಿಮಗೆ ಬಾಯಿಪಾಠ. ನಾನು ಹೇಳುವುದು ಒಂದೇ: ರೋಗಿಗೆ ಹೇಳಿ, ಆಮೇಲೆ ಮಾಡಿ.

ಹೆದರಿದ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಗುಂಡಿಗೆ ಇನ್ನೂ ಜೋರಾಗಿ ಬಡಿದುಕೊಳ್ಳುತ್ತದೆ. ರಕ್ತನಾಳ ಕಟ್ಟಿಕೊಂಡು ಮೊದಲೇ ಒದ್ದಾಡುತ್ತಿರುವ ಹೃದಯಕ್ಕೆ ಇನ್ನಷ್ಟು ದುಡಿಮೆ. ಭಯ ಇಳಿಸುವುದೂ ಚಿಕಿತ್ಸೆಯೇ.

ಒಂದು ರಾತ್ರಿ ಪಾಳಿ. ಹಳ್ಳಿಯಿಂದ ವಯಸ್ಸಾದ ರೈತರೊಬ್ಬರನ್ನು ಕರೆತಂದರು. ಮೈಯೆಲ್ಲ ತಣ್ಣನೆ ಬೆವರು. ನಾಡಿ 130. ಅಂಗಿ ಕತ್ತರಿಸೋಣ ಅಂತ ನಾನು ಕತ್ತರಿ ತೆಗೆದರೆ, ಎದೆಯ ಎಡಗಡೆ ಇಟ್ಟ ಕೈಯನ್ನು ಅವರು ತೆಗೆಯಲೊಲ್ಲರು. 'ಕೈ ಬಿಡಿ ಯಜಮಾನ್ರೇ' ಅಂತ ಗದರಿದೆ. ಇಬ್ಬರು ಹಿಡಿದು ಎಳೆದರು. ನೋವಿಗೆ ಎದೆ ಹಿಡಿದಿದ್ದಾರೆ ಅಂತಲೇ ನಾವು ಅಂದುಕೊಂಡದ್ದು. ಅಷ್ಟರಲ್ಲಿ ನಮ್ಮ ಆಯಮ್ಮ ಬಗ್ಗಿ ಕೇಳಿದರು, 'ಜೇಬಲ್ಲಿ ಏನೈತಣ್ಣ?'

ಗಿರವಿ ಚೀಟಿ! ಮಗಳ ಸರ ಅಡ ಇಟ್ಟು ಬೋರ್‌ವೆಲ್ ಕೊರೆಸಿದ್ದರಂತೆ. ಚೀಟಿ ಹೋದರೆ ಸರವೂ ಹೋಯಿತು ಅನ್ನೋ ದಿಗಿಲು. ಆಯಮ್ಮ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅವರ ಬಲಗೈ ಮುಷ್ಟಿಯಲ್ಲೇ ಇಟ್ಟರು. 'ಈಗ ಅಂಗಿ ಕತ್ತರಿಸ್ತಾರೆ, ಆಯ್ತಾ?' ಅಂದರು. ಎಡಗೈ ತಾನಾಗಿ ಸರಿಯಿತು. ಇಸಿಜಿ ಮುಗಿಯುವ ಹೊತ್ತಿಗೆ ನಾಡಿ 104. ಅಷ್ಟು ವರ್ಷ ಕೆಲಸ ಮಾಡಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ ನೋಡಿ.

'ಹೇಳೋಕೆ ಪುರುಸೊತ್ತೆಲ್ಲಿ ಸಿಸ್ಟರ್' ಅಂತ ಹೊಸಬರು ಕೇಳುತ್ತಾರೆ. 'ಸೂಜಿ ಚುಚ್ಚುತ್ತೀನಿ, ಸ್ವಲ್ಪ ನೋಯುತ್ತೆ.' ಎಷ್ಟು ಹೊತ್ತಾಯಿತು? ಆ ಕೈ ಎಳೆದಾಡಿದ್ದಕ್ಕೇ ಜಾಸ್ತಿ ಹೊತ್ತು ಹೋಗಿತ್ತು ಅಲ್ವಾ! ಹೇಳಿ, ಆಮೇಲೆ ಮಾಡಿ.

ಗಾಜಿನಾಚೆಯಿಂದ ಸಮಯ ಆಯ್ತು ಅಂತ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಮಾನಿಟರ್ ಕಿರುಚಿದಾಗ ಅದು ಯಾಕೆ ಅಂತ ರೋಗಿಗೆ ತಿಳಿಸಿ. ಬಾಗಿಲಾಚೆ ನಿಂತ ಮನೆಯವರಿಗೆ ಆಗಾಗ ಹೋಗಿ ಒಂದು ಮಾತು ಹೇಳಿ ಬನ್ನಿ. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಸುಸ್ತು, ಬೆನ್ನುನೋವು ಅಂತ ಹೃದಯಾಘಾತ ಬರಬಹುದು. ಗ್ಯಾಸ್ ಅಂತ ಕೂರಿಸಬೇಡಿ.

ಮನೆಯಲ್ಲಿ ಕೇಳುತ್ತಿರುವವರೇ, ಎದೆ ಹಿಡಿದುಕೊಂಡರೆ ಸೋಡಾ ಕುಡಿಸುತ್ತಾ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಸಿಗುತ್ತದೆ. ಜೇಬಿನಲ್ಲಿ ಏನಾದರೂ ಇದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ. ನಮಸ್ಕಾರ.